ಐ.ಟಿ.ಆರ್-ವಿ ಪತ್ರದ ಅಂಚೆ ರವಾನೆ

ಐ.ಟಿ.ಆರ್-ವಿ ಎಂಬುದು ಭಾರತದಲ್ಲಿ ಆದಾಯ ತೆರಿಗೆ ರಿಟರ್ನ್ ಅನ್ನು ಅಂತರಜಾಲದ ಮೂಲಕ ಸಲ್ಲಿಸಿದವರು ಅದನ್ನು ದೃಢೀಕರಿಸಲು ಸಹಿ ಮಾಡಿ ಕಳುಹಿಸುವ ಒಂದು ಪುಟದ ಪತ್ರ. ಆಧಾರ್ ಒ.ಟಿ.ಪಿ., ನೆಟ್ ಬ್ಯಾಂಕಿಂಗ್ ಮೊದಲಾದ ವಿದ್ಯುನ್ಮಾನ ವಿಧಾನಗಳಿಂದ ದೃಢೀಕರಿಸಿದವರಿಗೆ ಇದರ ಅಗತ್ಯವಿಲ್ಲ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರದ ಹಿರಿಯರು ಇಂದಿಗೂ ಈ ಮಾರ್ಗವನ್ನು ಅವಲಂಬಿಸುವುದುಂಟು. ಪತ್ರವನ್ನು ದೇಶದ ಯಾವ ಮೂಲೆಯಿಂದಾದರೂ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೇ (ಪಿನ್ ಕೋಡ್ 560500) ಕಳುಹಿಸಬೇಕು. ಸ್ಥಳೀಯ ತೆರಿಗೆ ಕಚೇರಿಗೆ ಕೊಡುವಂತಿಲ್ಲ.

== ಕಾಲಮಿತಿ ==
ಮೊದಲು ದೃಢೀಕರಣಕ್ಕೆ 120 ದಿನಗಳ ಅವಕಾಶವಿತ್ತು. 2022ರ ಆಗಸ್ಟ್ 1ರಿಂದ ಅದನ್ನು 30 ದಿನಗಳಿಗೆ ಇಳಿಸಲಾಯಿತು. ಆಗ ಸ್ಪೀಡ್ ಪೋಸ್ಟ್ ಮಾಡಿದ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. 2024ರಲ್ಲಿ ಹೊರಬಿದ್ದ ಅಧಿಸೂಚನೆಯು ಇದನ್ನು ಬದಲಿಸಿ, ಪತ್ರವು ಕೇಂದ್ರವನ್ನು ತಲುಪಿದ ದಿನಾಂಕವೇ ಗಣನೀಯವೆಂದು ತಿಳಿಸಿತು. ಸಾಮಾನ್ಯ ಅಂಚೆ ಅಥವಾ ಬೇರೆ ವಿಧಾನದಿಂದ ಕಳುಹಿಸಲೂ ಅನುಮತಿ ದೊರೆಯಿತು. ಆದರೆ ಅಂಚೆಯ ವಿಳಂಬದ ಹೊಣೆ ತೆರಿಗೆದಾರನ ಮೇಲೆ ಬಿದ್ದಿತು. ಹಳೆಯ ನಿಯಮವನ್ನು ನಂಬಿ ಇಪ್ಪತ್ತೊಂಬತ್ತನೆಯ ದಿನ ಅಂಚೆಗೆ ಹಾಕುವುದು ಈಗ ಅಪಾಯಕರ.

ಗಡುವು ಮೀರಿ ತಲುಪಿದರೆ ತಲುಪಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನವೆಂದು ಪರಿಗಣಿಸಲಾಗುತ್ತದೆ. ಸಲ್ಲಿಕೆಯ ಕೊನೆಯ ದಿನ ಅಷ್ಟರಲ್ಲಿ ಕಳೆದಿದ್ದರೆ 5,000 ರೂಪಾಯಿಗಳವರೆಗೆ ವಿಳಂಬ ಶುಲ್ಕ ಬೀಳಬಹುದು. ದೃಢೀಕರಣವೇ ಆಗದಿದ್ದರೆ ರಿಟರ್ನ್ ಅಸಿಂಧುವಾಗುತ್ತದೆ. ಬರಬೇಕಾದ ಮರುಪಾವತಿಯೂ ನಿಲ್ಲುತ್ತದೆ. ಸಕಾರಣವಿದ್ದರೆ ವಿಳಂಬ ಮನ್ನಾಕ್ಕೆ ಇಲಾಖೆಯ ಜಾಲತಾಣದಲ್ಲಿ ಮನವಿ ಸಲ್ಲಿಸಬಹುದು.

== ಪುರಾವೆ ==
ಪೆಟ್ಟಿಗೆಗೆ ಹಾಕಿದ ಸಾಮಾನ್ಯ ಅಂಚೆಗೆ ಯಾವ ಪುರಾವೆಯೂ ಇರುವುದಿಲ್ಲ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ ಹದಿಮೂರು ಅಕ್ಷರ-ಅಂಕಿಗಳ ಸಂಖ್ಯೆಯಿರುತ್ತದೆ. ಅದರಿಂದ ಪತ್ರದ ಚಲನೆಯನ್ನೂ ಬಟವಾಡೆಯ ದಿನಾಂಕವನ್ನೂ ಅಂಚೆ ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಬಟವಾಡೆಯಾದ ಕೂಡಲೇ ಆ ಪುಟವನ್ನು ಮುದ್ರಿಸಿಕೊಳ್ಳುವುದು ಲೇಸು. ಶಾಖದಿಂದ ಮುದ್ರಿತವಾಗುವ ರಸೀದಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸುವುದರಿಂದ ಅದರ ನೆರಳಚ್ಚು ತೆಗೆದಿಡಬೇಕು. ರಸೀದಿಯು ಲಕೋಟೆ ಹೋದದ್ದನ್ನು ಮಾತ್ರ ಹೇಳುತ್ತದೆ, ಒಳಗೇನಿತ್ತೆಂಬುದನ್ನಲ್ಲ. ಆದ್ದರಿಂದ ಸಹಿ ಮಾಡಿದ ಪತ್ರದ ಪ್ರತಿಯೂ ಜೊತೆಯಲ್ಲಿರಬೇಕು.

ಬಟವಾಡೆಯಾದ ಮಾತ್ರಕ್ಕೆ ದೃಢೀಕರಣ ಮುಗಿದಂತಲ್ಲ. ಸಹಿಯಿಲ್ಲದ ಅಥವಾ ಬಾರ್‌ಕೋಡ್ ಅಳಿಸಿದ ಪತ್ರ ತಿರಸ್ಕೃತವಾಗಬಹುದು. ಇ-ಫೈಲಿಂಗ್ ಖಾತೆಯಲ್ಲಿ ರಿಟರ್ನ್ ದೃಢೀಕೃತವೆಂದು ಕಾಣಿಸುವವರೆಗೆ ಗಮನಿಸುತ್ತಿರಬೇಕು. ಗಡುವಿನೊಳಗೆ ಕಾಣಿಸದಿದ್ದರೆ ವಿದ್ಯುನ್ಮಾನ ವಿಧಾನದಿಂದ ದೃಢೀಕರಿಸಲು ಅಡ್ಡಿಯಿಲ್ಲ.