ನಿಂತ ವಿಮಾನದೊಳಗಿನ ಬೇಗೆ

ಗ್ರೀಷ್ಮದ ತಾಪವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರಿಗೆ ಹೊಸತೇನೂ ಅಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನೆಚ್ಚಿ ಬಾಳಿದ ಈ ಬಯಲುಸೀಮೆಯಲ್ಲಿ ಬಿಸಿಲನ್ನು ನೀಗುವ ಉಪಾಯಗಳನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಹೊಂಗೆಯ ನೆರಳು, ಮಡಕೆಯ ನೀರು, ನೀರುಮಜ್ಜಿಗೆ, ದಾರಿಯ ಬದಿಯ ಅರವಟ್ಟಿಗೆ, ಇವು ನಮ್ಮ ಪರಂಪರೆಯ ಉಪಚಾರಗಳು. ಆದರೆ ಇವಾವುವೂ ನಡೆಯದ ಒಂದು ಸ್ಥಳವು ಈಚಿನ ವರ್ಷಗಳಲ್ಲಿ ನಮ್ಮವರ ಅನುಭವಕ್ಕೆ ಬಂದಿದೆ. ಅದು ಬೇಸಗೆಯಲ್ಲಿ ಹಾರಲು ಕಾದು ನೆಲದ ಮೇಲೆ ನಿಂತಿರುವ ವಿಮಾನದ ಒಳಭಾಗ.

2008ನೆಯ ಇಸವಿಯ ಮೇ 24ರಂದು ದೇವನಹಳ್ಳಿಯ ವಿಮಾನನಿಲ್ದಾಣವು ಕಾರ್ಯಾರಂಭ ಮಾಡಿದಂದಿನಿಂದ ಆಕಾಶಯಾನವು ನಮ್ಮ ಮನೆಬಾಗಿಲಿಗೇ ಬಂದಂತಾಗಿದೆ. ನಮ್ಮ ಶಾಲೆಗಳಲ್ಲಿ ಓದಿದವರು ದೂರದೇಶಗಳಲ್ಲಿ ನೆಲೆಸಿದ್ದಾರೆ. ಅವರ ವೃದ್ಧ ತಾಯಿತಂದೆಯರು ಮೊಮ್ಮಕ್ಕಳ ಮುಖ ನೋಡಲೆಂದು ಅರುವತ್ತು ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನವೇರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ವಿಮಾನವು ಅರ್ಧ ಗಂಟೆಯೋ ಒಂದು ಗಂಟೆಯೋ ನಿಂತಲ್ಲಿಯೇ ನಿಂತರೆ, ಒಳಗಿನ ಸೆಕೆಗೆ ಬೆವರುತ್ತ, ಇದು ಇಲ್ಲಿನ ಕ್ರಮವೇ ಇರಬೇಕೆಂದು ಬಗೆದು ಮೌನವಾಗಿ ಕುಳಿತಿರುವವರು ಅವರೇ. ಈ ಬೇಗೆಯ ಕಾರಣವೇನು, ಪರಿಹಾರವೇನು ಎಂಬುದನ್ನು ತಿಳಿಯಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಮಾನವೆಂಬ ಶಬ್ದವು ನಮಗೆ ಎರಡು ಅರ್ಥಗಳಲ್ಲಿ ಪರಿಚಿತವಾಗಿದೆ. ಪುಷ್ಪಕವು ಆಕಾಶಗಾಮಿಯಾದ ವಿಮಾನ. ನಂದಿಯ ಭೋಗನಂದೀಶ್ವರ ದೇವಾಲಯದಲ್ಲಿ ಗರ್ಭಗೃಹದ ಮೇಲೆ ನಿಂತಿರುವ ಶಿಖರವೂ ವಿಮಾನವೇ. ಇವೆರಡನ್ನೂ ಹೋಲಿಸಿದರೆ ನಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ದೊರೆಯುತ್ತದೆ. ದೇವಾಲಯದ ಗರ್ಭಗೃಹಕ್ಕೂ ಗಾಳಿಯಾಡುವ ಕಿಟಕಿಗಳಿಲ್ಲ. ಆದರೆ ಅದರ ಗೋಡೆ ದಪ್ಪನೆಯ ಕಲ್ಲು. ಬಿಸಿಲಿನ ಕಾವು ಕಲ್ಲನ್ನು ದಾಟಿ ಒಳಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹಾರುವ ವಿಮಾನವಾದರೋ ಹಗುರವಾಗಿರಬೇಕಾದುದರಿಂದ ಅದರ ಮೈ ತೆಳುವಾದ ಲೋಹದ ತಗಡು, ಇಲ್ಲವೆ ಅಂಥದೇ ಹಗುರವಾದ ವಸ್ತು. ಒಳಗೆ ಶಾಖನಿರೋಧಕ ಹೊದಿಕೆಯಿದ್ದರೂ ಮೇಲಿನಿಂದ ಸೂರ್ಯನ ಝಳ, ಕೆಳಗಿನಿಂದ ಕಾದ ಕಾಂಕ್ರೀಟು ನೆಲದ ಕಾವು ಎರಡೂ ಸೇರಿ ಅದನ್ನು ಬೇಗನೆ ಕಾಯಿಸುತ್ತವೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅಂತಹ ಮಧ್ಯಾಹ್ನಗಳಲ್ಲಿ ತಂಪುಗಾಳಿಯಿಲ್ಲದ ವಿಮಾನದ ಒಳಭಾಗವು ಹೊರಗಿನ ನೆರಳಿಗಿಂತಲೂ ಬಿಸಿಯಾಗುವುದು ಸಹಜ.

ಹೊರಗಿನ ಬಿಸಿಲಿಗಿಂತಲೂ ಗಮನಿಸಬೇಕಾದುದು ಒಳಗಿನ ಜನಸಂದಣಿ. ಸುಮ್ಮನೆ ಕುಳಿತಿರುವ ಒಬ್ಬ ಮನುಷ್ಯನ ದೇಹವು ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಸದಾ ಹೊರಸೂಸುತ್ತಿರುತ್ತದೆ. ನೂರೆಂಬತ್ತು ಜನರು ತುಂಬಿದ ವಿಮಾನದಲ್ಲಿ ಇದು 18 ಕಿಲೋವ್ಯಾಟ್ ಆಗುತ್ತದೆ. ಎಂದರೆ ಒಂದೊಂದು ಕಿಲೋವ್ಯಾಟಿನ ಹದಿನೆಂಟು ವಿದ್ಯುತ್ ಒಲೆಗಳನ್ನು ಮುಚ್ಚಿದ ಕೋಣೆಯಲ್ಲಿ ಉರಿಸಿದಂತೆ. ಇದರ ಜೊತೆಗೆ ಉಸಿರಿನ ಮತ್ತು ಬೆವರಿನ ತೇವವೂ ಗಾಳಿಯಲ್ಲಿ ಸೇರುತ್ತದೆ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ತೇವ ತುಂಬಿದ ನಿಶ್ಚಲವಾದ ಗಾಳಿಯಲ್ಲಿ ಅದು ಆರುವುದಿಲ್ಲ, ಹರಿಯುತ್ತದೆ. ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸಿನಲ್ಲಿಯೂ ಸೆಕೆಯುಂಟು. ಆದರೆ ಅಲ್ಲಿ ಕಿಟಕಿಯ ಗಾಜನ್ನು ಸರಿಸಬಹುದು, ಬೇಡವೆನಿಸಿದರೆ ಇಳಿದು ಮರದಡಿ ನಿಲ್ಲಬಹುದು. ವಿಮಾನದಲ್ಲಿ ಇವೆರಡೂ ಸಾಧ್ಯವಿಲ್ಲ.

ಹಾಗಾದರೆ ವಿಮಾನವು ತಂಪನ್ನು ಎಲ್ಲಿಂದ ಪಡೆಯುತ್ತದೆ? ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಇದರ ತತ್ತ್ವ ತಿಳಿದೇ ಇದೆ. ಗಾಳಿಯನ್ನು ಒತ್ತಿದರೆ ಪಂಪಿನ ತುದಿ ಬಿಸಿಯಾಗುತ್ತದೆ, ಒತ್ತಿಟ್ಟ ಗಾಳಿಯನ್ನು ಬಿಟ್ಟರೆ ಅದು ತಣ್ಣಗೆ ಹೊರಬರುತ್ತದೆ. ಬಹುತೇಕ ವಿಮಾನಗಳಲ್ಲಿ ಎಂಜಿನ್ನು ಒತ್ತಿದ ಬಿಸಿಗಾಳಿಯ ಒಂದಂಶವನ್ನು ತೆಗೆದುಕೊಂಡು, ಹೊರಗಿನ ಗಾಳಿಯ ಸಹಾಯದಿಂದ ಅದರ ಶಾಖವನ್ನು ಕಳೆದು, ಬಳಿಕ ಒಂದು ಚಕ್ರವನ್ನು ತಿರುಗಿಸುತ್ತ ಹಿಗ್ಗುವಂತೆ ಮಾಡುತ್ತಾರೆ. ಹೀಗೆ ಹಿಗ್ಗಿದ ಗಾಳಿಯು ಬಹಳ ತಂಪಾಗಿ ಒಳಬರುತ್ತದೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಉಷ್ಣತೆಯು ಸೊನ್ನೆಗಿಂತ ಐವತ್ತಕ್ಕೂ ಹೆಚ್ಚು ಡಿಗ್ರಿ ಕೆಳಗಿರುವುದರಿಂದ ಅಲ್ಲಿ ಈ ಕೆಲಸ ಸುಲಭ. ನೆಲದ ಮೇಲೆ ಶಾಖವನ್ನು ಕಳೆಯಬೇಕಾದ ಹೊರಗಾಳಿಯೇ ಬಿಸಿಯಾಗಿರುತ್ತದೆ, ಮುಖ್ಯ ಎಂಜಿನ್ನುಗಳೂ ನಿಂತಿರುತ್ತವೆ.

ಆ ಹೊತ್ತಿನಲ್ಲಿ ತಂಪಿಗೆ ಎರಡು ಮೂಲಗಳಿವೆ. ವಿಮಾನದ ಬಾಲದಲ್ಲಿರುವ ಎ.ಪಿ.ಯು. ಎಂಬ ಚಿಕ್ಕ ಸಹಾಯಕ ಎಂಜಿನ್ನು ಮೊದಲನೆಯದು. ನಿಲ್ದಾಣದವರು ದಪ್ಪ ಕೊಳವೆಯ ಮೂಲಕ ವಿಮಾನದ ಹೊಟ್ಟೆಗೆ ಹಾಯಿಸುವ ತಂಪುಗಾಳಿ ಎರಡನೆಯದು. ಎ.ಪಿ.ಯು. ಇಂಧನವನ್ನು ಬೇಡುತ್ತದೆ, ಸದ್ದನ್ನೂ ಹೊಗೆಯನ್ನೂ ಮಾಡುತ್ತದೆ. ಆದಕಾರಣ ಅದನ್ನು ಮಿತವಾಗಿ ಬಳಸಬೇಕೆಂಬ ನಿಯಮ ಅನೇಕ ನಿಲ್ದಾಣಗಳಲ್ಲಿದೆ. ಅದು ಕೆಟ್ಟಿದ್ದರೆ, ಅಥವಾ ಮಿತವ್ಯಯಕ್ಕಾಗಿ ಅದನ್ನು ತಡವಾಗಿ ಚಾಲೂ ಮಾಡಿದರೆ, ಅದೇ ವೇಳೆಗೆ ಕೊಳವೆಯ ಗಾಳಿಯೂ ಇಲ್ಲದಿದ್ದರೆ, ಒಳಗೆ ಬೇಗೆ ಏರುತ್ತದೆ. ಇನ್ನು ಮುಖ್ಯ ಎಂಜಿನ್ನುಗಳನ್ನು ಚಾಲೂ ಮಾಡುವಾಗ ಒತ್ತಿದ ಗಾಳಿಯೆಲ್ಲ ಆ ಕೆಲಸಕ್ಕೇ ಬೇಕಾಗುವುದರಿಂದ ಕೆಲವು ನಿಮಿಷ ತಂಪುಗಾಳಿ ನಿಲ್ಲುತ್ತದೆ. ಇದು ದೋಷವಲ್ಲ. ಗಾಳಿಯ ಕಂಡಿಗಳಿಂದ ಒಮ್ಮೊಮ್ಮೆ ಬಿಳಿಯ ಹೊಗೆಯಂತೆ ಕಾಣುವುದೂ ಹೊಗೆಯಲ್ಲ. ತಂಪುಗಾಳಿಯು ಒಳಗಿನ ತೇವಕ್ಕೆ ತಗುಲಿ ಉಂಟಾದ ಮಂಜು ಅದು. ನಂದಿಬೆಟ್ಟದ ಮುಂಜಾವನ್ನು ಕಂಡವರು ಅದಕ್ಕೆ ಅಂಜಬೇಕಾಗಿಲ್ಲ.

ಹೀಗೆ ಕೆಲವು ನಿಮಿಷಗಳ ಸೆಕೆ ಬೇರೆ, ಗಂಟೆಗಟ್ಟಲೆಯ ಬೇಗೆ ಬೇರೆ. ಮೊದಲನೆಯದು ಅನಿವಾರ್ಯವಾದರೆ ಎರಡನೆಯದು ಅಪಾಯ. 2024ರ ಮೇ 30ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡಬೇಕಾಗಿದ್ದ ಏರ್ ಇಂಡಿಯಾ ವಿಮಾನದ ಪ್ರಯಾಣವು ಇಪ್ಪತ್ತು ಗಂಟೆಗಳಿಗೂ ಮೀರಿ ವಿಳಂಬವಾಯಿತು. ತಂಪಿನ ವ್ಯವಸ್ಥೆಯಿಲ್ಲದ ವಿಮಾನದೊಳಗೆ ತಮ್ಮನ್ನು ಕೂರಿಸಲಾಗಿತ್ತೆಂದೂ ಕೆಲವರು ಮೂರ್ಛೆಹೋದರೆಂದೂ ಪ್ರಯಾಣಿಕರು ದೂರಿದರು. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ಸಂಸ್ಥೆಗೆ ಕಾರಣ ಕೇಳಿ ನೋಟೀಸು ನೀಡಿತು. ಅದೇ ವರ್ಷ, ವಿಮಾನವೇರಿದ ಮೇಲೆ ದೀರ್ಘ ವಿಳಂಬವಾದಲ್ಲಿ ಪ್ರಯಾಣಿಕರು ಇಳಿದು ನಿಲ್ದಾಣದ ನಿರ್ಗಮನ ದ್ವಾರದ ಮೂಲಕ ಹೊರಬರಲು ಅವಕಾಶವಾಗುವಂತೆ ನಮ್ಮ ದೇಶದ ವಿಮಾನಯಾನ ಭದ್ರತಾ ಇಲಾಖೆಯು ಸೂಚನೆಗಳನ್ನು ಹೊರಡಿಸಿತು. ಅಮೆರಿಕದಲ್ಲಿ 2010ರಿಂದಲೇ ದೇಶದೊಳಗಿನ ವಿಮಾನಗಳು ಪ್ರಯಾಣಿಕರಿಗೆ ಇಳಿಯುವ ಅವಕಾಶವನ್ನು ಕೊಡದೆ ಮೂರು ಗಂಟೆಗಿಂತ ಹೆಚ್ಚು ನೆಲದ ಮೇಲೆ ಅವರನ್ನು ಕೂರಿಸಬಾರದೆಂಬ ನಿಯಮವಿದೆ. ಭದ್ರತೆ, ಸುರಕ್ಷತೆ ಮುಂತಾದ ಕೆಲವು ಕಾರಣಗಳಿಗೆ ಅದರಲ್ಲಿ ವಿನಾಯಿತಿಯುಂಟು.

ನಮ್ಮವರು ಅನುಸರಿಸಬೇಕಾದ ಕ್ರಮಗಳು ಸರಳವಾಗಿವೆ. ಭದ್ರತಾ ತಪಾಸಣೆಯ ನಂತರ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗುವುದು. ಸಡಿಲವಾದ ಹತ್ತಿಯ ಬಟ್ಟೆ ಉಡುವುದು. ತಲೆಯ ಮೇಲಿನ ಗಾಳಿಯ ಕಂಡಿಯನ್ನು ತಿರುಗಿಸಿ ತೆರೆಯುವುದು. ಸಿಬ್ಬಂದಿಯವರು ತೆರೆಯಲು ಹೇಳುವವರೆಗೆ ಬಿಸಿಲ ಕಡೆಯ ಕಿಟಕಿಯ ಪರದೆಯನ್ನು ಇಳಿಸಿಕೊಳ್ಳುವುದು. ವೃದ್ಧರು, ಶಿಶುಗಳು, ಗರ್ಭಿಣಿಯರು, ಹೃದ್ರೋಗಿಗಳು, ಮಧುಮೇಹಿಗಳು ಬೇಗೆಯನ್ನು ಬಹುಕಾಲ ತಾಳಲಾರರು. ತಲೆನೋವು, ತಲೆಸುತ್ತು, ಓಕರಿಕೆ, ಮಾತು ತೊದಲುವುದು, ಮಂಕು ಕವಿಯುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಕರೆಗುಂಡಿಯನ್ನು ಒತ್ತಿ ಸಿಬ್ಬಂದಿಗೆ ತಿಳಿಸಬೇಕು, ಒದ್ದೆ ಬಟ್ಟೆಯಿಂದ ಮುಖ ಕತ್ತುಗಳನ್ನು ಒರೆಸಬೇಕು. ಇಂಗ್ಲಿಷು ಬಾರದೆಂದು ಹಿಂಜರಿಯುವುದು ಸಲ್ಲದು. “ನೀರು”, “ಸೆಕೆ” ಎಂದು ಕನ್ನಡದಲ್ಲಿಯೇ ಹೇಳಿ ಕೈಸನ್ನೆ ಮಾಡಿದರೂ ಸಾಕು, ಅರ್ಥವಾಗುತ್ತದೆ. ಸಿಬ್ಬಂದಿಯವರು ಆ ಮಾತನ್ನು ವಿಮಾನದ ಕ್ಯಾಪ್ಟನ್ನನಿಗೆ ಮುಟ್ಟಿಸುತ್ತಾರೆ. ಎ.ಪಿ.ಯು. ಚಾಲೂ ಮಾಡುವುದು, ಕೊಳವೆಯ ಗಾಳಿಯನ್ನು ತರಿಸುವುದು, ಜನರನ್ನು ಇಳಿಸಬೇಕೆಂದು ಕೇಳುವುದು, ಇವೆಲ್ಲ ಅವನಿಂದ ಆಗಬೇಕಾದ ಕೆಲಸಗಳು. ಒಳಗಿನ ಸ್ಥಿತಿಯನ್ನು ಯಾರಾದರೂ ಹೇಳಿದರೆ ತಾನೆ ಬಾಗಿಲ ಆಚೆ ಕುಳಿತ ಅವನಿಗೆ ತಿಳಿಯುವುದು?

ಶಿಡ್ಲಘಟ್ಟದ ಕಡೆಯ ರೇಷ್ಮೆ ರೈತನನ್ನು ನೋಡಿರಿ. ಹುಳುಮನೆಯ ಉಷ್ಣತೆಯು 24ರಿಂದ 28 ಡಿಗ್ರಿಗಳ ನಡುವೆ ಇರಬೇಕೆಂಬುದನ್ನು ಅವನು ಬಲ್ಲ. ಬಿಸಿಲೇರಿದೊಡನೆ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾನೆ. ಬಾಯಿಲ್ಲದ ಹುಳುವಿನ ಸಂಕಟವನ್ನು ಅದು ಹೇಳುವ ಮೊದಲೇ ಅರಿಯುವ ನಾಡು ಇದು. ಬಾಯಿರುವ ಮನುಷ್ಯನು ಸಂಕೋಚದಿಂದ ಬಾಯಿ ಕಟ್ಟಿಕೊಂಡು ಬೇಗೆಯಲ್ಲಿ ಬೇಯಬೇಕಾಗಿಲ್ಲ. ಸಹನೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಾಯವಿರುವ ಸಂಕಟವನ್ನು ಸಹಿಸಿ ಕೂರುವುದು ಸಹನೆಯೆನಿಸದು. ದಾರಿಹೋಕನು ಅರವಟ್ಟಿಗೆಯಲ್ಲಿ ನೀರು ಕೇಳುವುದಕ್ಕೆ ನಾಚಿದ್ದಿಲ್ಲ, ಅದನ್ನು ನಡೆಸಿದವರು ಕೇಳಿದವನನ್ನು ಹೀನವಾಗಿ ಕಂಡದ್ದೂ ಇಲ್ಲ. ವಿಮಾನದಲ್ಲಿಯೂ ನಡೆಯಬೇಕಾದ ಧರ್ಮ ಅದೇ.

ಹಿರಿಯರನ್ನು ವಿಮಾನಕ್ಕೆ ಕಳುಹಿಸಿಕೊಡುವ ನಮ್ಮ ಹಳೆಯ ವಿದ್ಯಾರ್ಥಿಗಳು ಟಿಕೇಟು ಪಾಸ್‌ಪೋರ್ಟುಗಳೊಡನೆ ಈ ನಾಲ್ಕು ಮಾತುಗಳನ್ನೂ ಅವರ ಕಿವಿಗೆ ಹಾಕಬೇಕೆಂದು, ಉಪಾಧ್ಯಾಯ ಮಿತ್ರರು ಶಾಖದ ಪಾಠವನ್ನು ಹೇಳುವಾಗ ಮಕ್ಕಳಿಗೆ ಈ ಉದಾಹರಣೆಯನ್ನೂ ಕೊಡಬೇಕೆಂದು ನನ್ನ ವಿನಂತಿ.