ಬೆಸುಗೆಯ ಬೆಂಕಿ

ಹಿಂದಿನ ಕಾಲದಲ್ಲಿ ಊರಿನ ಕಬ್ಬಿಣದ ಕೆಲಸವೆಲ್ಲ ಕಮ್ಮಾರನ ಕುಲುಮೆಯಲ್ಲಿಯೇ ನಡೆಯುತ್ತಿದ್ದಿತು. ಎರಡು ಕಬ್ಬಿಣದ ತುಂಡುಗಳನ್ನು ಒಂದುಗೂಡಿಸಬೇಕಾದರೆ ಕಮ್ಮಾರನು ಅವನ್ನು ಇದ್ದಲಿನ ಬೆಂಕಿಯಲ್ಲಿಟ್ಟು, ತಿದಿಯೊತ್ತಿ, ಬಿಳುಪೇರುವವರೆಗೆ ಕಾಯಿಸಿ, ಅಡಿಗಲ್ಲಿನ ಮೇಲಿರಿಸಿ ಸುತ್ತಿಗೆಯಿಂದ ಬಡಿಯುತ್ತಿದ್ದನು. ಇಂದು ರಸ್ತೆಯ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದೇ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಮುರಿದ ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ನೇಗಿಲು ಎಲ್ಲವೂ ಅಲ್ಲಿಗೆ ಬರುತ್ತವೆ. ಕಣ್ಣು ಕೋರೈಸುವ ಬೆಳಕು ಚಿಮ್ಮುತ್ತದೆ, ಕಿಡಿಗಳು ಸಿಡಿಯುತ್ತವೆ, ಮುರಿದುದು ಕೂಡಿಕೊಳ್ಳುತ್ತದೆ.

ಆ ಅಂಗಡಿಯ ಹಳೆಯ ಮಾದರಿಯ ಯಂತ್ರವನ್ನು ಬಿಚ್ಚಿ ನೋಡಿದರೆ ಒಳಗಿರುವುದು ಕಬ್ಬಿಣದ ತಗಡುಗಳ ಕಟ್ಟು ಮತ್ತು ಅದಕ್ಕೆ ಸುತ್ತಿದ ತಂತಿ, ಇಷ್ಟೇ. ‘ಇಷ್ಟು ಸರಳವಾದ ಯಂತ್ರವನ್ನು ಮನೆಯಲ್ಲಿಯೇ ಏಕೆ ಕಟ್ಟಬಾರದು?’ ಎಂಬ ಪ್ರಶ್ನೆ ಕುತೂಹಲವುಳ್ಳ ತರುಣರ ಮನಸ್ಸಿನಲ್ಲಿ ಏಳುವುದು ಸಹಜ. ಹಾಗೆ ಕಟ್ಟಿ ಕೆಲಸ ತೆಗೆದವರೂ ಉಂಟು. ಆದರೆ ಯಂತ್ರವು ಸರಳವಾಗಿರುವುದು ಬೇರೆ, ನಿರಪಾಯವಾಗಿರುವುದು ಬೇರೆ. ಈ ವ್ಯತ್ಯಾಸವನ್ನು ಅರಿಯದವನಿಗೆ ಅದು ಪ್ರಾಣಕ್ಕೇ ಎರವಾಗಬಲ್ಲುದು.

ಬೆಸುಗೆಯ ಈ ಬೆಳಕಿಗೆ ವಿದ್ಯುತ್ ಚಾಪವೆಂದು ಹೆಸರು. ವಿದ್ಯುತ್ತಿಗೆ ಸಂಪರ್ಕಗೊಂಡ ಎರಡು ವಾಹಕಗಳನ್ನು ಮುಟ್ಟಿಸಿ ತುಸುವೇ ದೂರ ಸರಿಸಿದರೆ, ನಡುವಣ ಗಾಳಿಯು ಕಾದು ತಾನೇ ವಾಹಕವಾಗುತ್ತದೆ. ಪ್ರವಾಹವು ಆ ಬಿಸಿಗಾಳಿಯ ಮೂಲಕವೇ ಹರಿಯತೊಡಗುತ್ತದೆ. ರಷ್ಯದ ವಾಸಿಲಿ ಪೆಟ್ರೋವ್ 1802ರಲ್ಲಿ ಇದನ್ನು ಕಂಡನು. ಇಂಗ್ಲೆಂಡಿನ ಹಂಫ್ರಿ ಡೇವಿಯು ಅದೇ ಶತಮಾನದ ಆದಿಭಾಗದಲ್ಲಿ ಇದ್ದಲಿನ ಕಡ್ಡಿಗಳ ನಡುವೆ ಇದನ್ನು ಜನರೆದುರು ಪ್ರದರ್ಶಿಸಿದನು. 1880ರ ದಶಕದಲ್ಲಿ ನಿಕೊಲಾಯ್ ಬೆನಾರ್ಡೊಸ್ ಎಂಬವನು ಇದರ ಶಾಖವನ್ನು ಲೋಹದ ಬೆಸುಗೆಗೆ ಬಳಸಿದನು. 1888ರಲ್ಲಿ ನಿಕೊಲಾಯ್ ಸ್ಲಾವ್ಯಾನೊವ್ ಇದ್ದಲಿನ ಕಡ್ಡಿಗೆ ಬದಲಾಗಿ ಲೋಹದ ಕಡ್ಡಿಯನ್ನೇ ಉಪಯೋಗಿಸಿ, ಅದು ಕರಗಿ ಸಂದನ್ನು ತುಂಬುವಂತೆ ಮಾಡಿದನು. ಮುಂದೆ ಸ್ವೀಡನ್ನಿನ ಆಸ್ಕರ್ ಕ್ಯೆಲ್‌ಬರ್ಗ್ ಕಡ್ಡಿಗೆ ಲೇಪವನ್ನು ಕೊಟ್ಟನು. ಆ ಲೇಪವು ಉರಿದು ಉಂಟಾಗುವ ಅನಿಲವು ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಕಾಪಾಡುತ್ತದೆ. ಉಳಿದ ಕಿಟ್ಟವನ್ನು ಬೆಸುಗೆ ಆರಿದ ಮೇಲೆ ತಟ್ಟಿ ಉದುರಿಸುತ್ತಾರೆ.

ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಚಾಪದ ಶಾಖವು ಇದರ ಮೂರು ನಾಲ್ಕು ಪಟ್ಟು. ಇಂಥ ಚಾಪವನ್ನು ಉರಿಸಲು 20ರಿಂದ 30 ವೋಲ್ಟುಗಳೇ ಸಾಕು. ಆದರೆ ಪ್ರವಾಹವು ಮಾತ್ರ 100 ಆಂಪೇರಿನಷ್ಟು ಬೇಕಾಗುತ್ತದೆ. ಮನೆಗೆ ಬರುವ ವಿದ್ಯುತ್ತಾದರೋ 230 ವೋಲ್ಟಿನದು. ವೋಲ್ಟನ್ನು ಇಳಿಸಿ ಆಂಪೇರನ್ನು ಏರಿಸಬೇಕು. ಪರಿವರ್ತಕವು ಮಾಡುವ ಕೆಲಸ ಇದೇ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಅದಕ್ಕೆ ಆಧಾರ. ಒಂದೇ ಕಬ್ಬಿಣದ ತಿರುಳಿಗೆ ಎರಡು ಸುರುಳಿಗಳನ್ನು ಸುತ್ತಿರುತ್ತಾರೆ. ಪ್ರಾಥಮಿಕ ಸುರುಳಿಗೆ 230 ಸುತ್ತುಗಳೂ ದ್ವಿತೀಯಕ ಸುರುಳಿಗೆ 60 ಸುತ್ತುಗಳೂ ಇದ್ದರೆ, 230 ವೋಲ್ಟು 60 ವೋಲ್ಟಾಗಿ ಇಳಿಯುತ್ತದೆ. ಚಾಪವನ್ನು ಹೊತ್ತಿಸಲು ಇಷ್ಟು ಬೇಕು. ಹೊತ್ತಿದ ಮೇಲೆ ಅದು ತಾನಾಗಿ 25ರ ಆಸುಪಾಸಿಗೆ ಇಳಿಯುತ್ತದೆ.

ಇಲ್ಲಿಯೇ ಮೊದಲನೆಯ ಅಪಾಯವು ಅಡಗಿದೆ. ದ್ವಿತೀಯಕದಲ್ಲಿ 100 ಆಂಪೇರ್ ಹರಿಯುವಾಗ, ಸುತ್ತುಗಳ ಲೆಕ್ಕದಂತೆ ಪ್ರಾಥಮಿಕದಲ್ಲಿ ಸುಮಾರು 26 ಆಂಪೇರ್ ಹರಿಯಬೇಕು. ಮನೆಯ ಚಿಕ್ಕ ಪ್ಲಗ್ಗು 6 ಆಂಪೇರಿಗಾಗಿ, ದೊಡ್ಡದು 16 ಆಂಪೇರಿಗಾಗಿ ಮಾಡಿದುದು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದುದರಿಂದ 6 ಆಂಪೇರಿನ ತಂತಿಯಲ್ಲಿ 26 ಆಂಪೇರ್ ಹರಿದರೆ ಶಾಖವು ನಾಲ್ಕು ಪಟ್ಟಲ್ಲ, ಸುಮಾರು 19 ಪಟ್ಟಾಗುತ್ತದೆ. ಫ್ಯೂಸು ಕರಗಿ ಹೋಗುವುದು ಆಗ ಕೊಡುವ ಎಚ್ಚರಿಕೆ. ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿಯನ್ನು ಕಟ್ಟುವವನು ಕಾವಲುಗಾರನ ಕಣ್ಣನ್ನೇ ಕಟ್ಟಿದಂತೆ. ಮುಂದೆ ಗೋಡೆಯೊಳಗಿನ ತಂತಿಯೇ ಹೊತ್ತಿಕೊಳ್ಳುತ್ತದೆ.

ಎರಡನೆಯ ಅಪಾಯವು ಇದಕ್ಕಿಂತ ಸೂಕ್ಷ್ಮವಾದುದು. 60 ವೋಲ್ಟು ಅಷ್ಟೇನೂ ಹೆಚ್ಚಲ್ಲವೆಂದು ಹಲವರು ತಿಳಿಯುತ್ತಾರೆ. ಆದರೆ ಮನುಷ್ಯನನ್ನು ಕೊಲ್ಲುವುದು ದೇಹದ ಮೂಲಕ ಹರಿಯುವ ಪ್ರವಾಹ. ಒಣಗಿದ ಚರ್ಮದ ರೋಧವು ಹೆಚ್ಚು. ಬೆವರಿನಿಂದ ತೊಯ್ದಾಗ ದೇಹದ ರೋಧವು 1000 ಓಮಿನಷ್ಟಕ್ಕೆ ಇಳಿಯಬಹುದು. ಆಗ 60 ವೋಲ್ಟಿಗೆ 60 ಮಿಲಿಆಂಪೇರ್ ಹರಿಯುತ್ತದೆ. ಸುಮಾರು 10 ಮಿಲಿಆಂಪೇರಿಗೇ ಸ್ನಾಯುಗಳು ಬಿಗಿದುಕೊಂಡು, ಹಿಡಿದುದನ್ನು ಬಿಡಲಾಗದಂತಾಗುತ್ತದೆ. 50 ಮಿಲಿಆಂಪೇರನ್ನು ಮೀರಿದ ಪ್ರವಾಹವು ಎದೆಯನ್ನು ಹಾಯ್ದು ಕೆಲವು ಕ್ಷಣ ಹರಿದರೆ ಹೃದಯದ ಲಯ ತಪ್ಪಬಹುದು. ಚಾಪ ಉರಿಯುವಾಗಿಗಿಂತ, ಅದು ಆರಿರುವಾಗ, ಒದ್ದೆಯ ಕೈಯಿಂದ ಕಡ್ಡಿಯನ್ನು ಬದಲಾಯಿಸುವ ಹೊತ್ತಿನಲ್ಲಿ ಈ ಭಯ ಹೆಚ್ಚು. ಒಣಗಿದ ಚರ್ಮದ ಕೈಗವಸು, ರಬ್ಬರಿನ ಅಟ್ಟೆಯ ಪಾದರಕ್ಷೆ, ಒಣಗಿದ ನೆಲ ಇವು ಅನಿವಾರ್ಯವಾಗುವುದು ಈ ಕಾರಣದಿಂದಲೇ.

ಮೂರನೆಯದು ಸುರುಳಿಗಳ ನಡುವಣ ಹೊದಿಕೆ. ಎರಡು ಸುರುಳಿಗಳಿಗೂ ಪರಸ್ಪರ ಸಂಪರ್ಕವಿಲ್ಲದಿರುವುದೇ ಪರಿವರ್ತಕವು ಕೊಡುವ ದೊಡ್ಡ ರಕ್ಷಣೆ. ಕಾರ್ಖಾನೆಯಲ್ಲಿ ಈ ಹೊದಿಕೆಯನ್ನು ಹೆಚ್ಚಿನ ವೋಲ್ಟಿನಿಂದ ಪರೀಕ್ಷಿಸುತ್ತಾರೆ. ಮನೆಯಲ್ಲಿ ಸುತ್ತಿದ ಸುರುಳಿಗೆ ಅಂಥ ಪರೀಕ್ಷೆ ಎಲ್ಲಿ? ಶಾಖಕ್ಕೆ ಹೊದಿಕೆ ಸುಟ್ಟು ತಂತಿಗಳು ಮುಟ್ಟಿಕೊಂಡರೆ, ಬೆಸೆಯುತ್ತಿರುವ ಕಬ್ಬಿಣದಲ್ಲಿಯೇ 230 ವೋಲ್ಟು ಬಂದು ನಿಲ್ಲುತ್ತದೆ. ಪರಿವರ್ತಕವೇ ಇಲ್ಲದೆ, ಮನೆಯ ವಿದ್ಯುತ್ತನ್ನು ಉಪ್ಪುನೀರಿನ ಬಕೀಟಿನ ಮೂಲಕ ಹಾಯಿಸಿ ಬೆಸುಗೆಗೆ ತೊಡಗುವವರೂ ಇದ್ದಾರೆ. ಅದು ಸಾವಿನೊಡನೆ ಆಡುವ ಆಟವೇ ಸರಿ. ಕೆಟ್ಟ ಮೈಕ್ರೋವೇವ್ ಒಲೆಯ ಪರಿವರ್ತಕವನ್ನು ತೆಗೆದು ಬಳಸುವುದು ಇನ್ನೊಂದು ಸಾಹಸ. ಆ ಒಲೆಯೊಳಗೆ ಸುಮಾರು 2000 ವೋಲ್ಟು ಉತ್ಪತ್ತಿಯಾಗುತ್ತದೆ. ಅದರ ಕೆಪ್ಯಾಸಿಟರು ಪ್ಲಗ್ಗನ್ನು ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು, ಮುಟ್ಟಿದವನ ಪ್ರಾಣವನ್ನೇ ತೆಗೆಯಬಲ್ಲುದು.

ಇವುಗಳಿಂದ ರಕ್ಷಣೆಗಾಗಿ ಯಂತ್ರದ ಕವಚಕ್ಕೂ ತಿರುಳಿಗೂ ಭೂಸಂಪರ್ಕವಿರಬೇಕು. ವಿದ್ಯುತ್ತು ನೆಲಕ್ಕೆ ಸೋರಿದೊಡನೆ ಅದನ್ನು ಕಡಿದುಹಾಕುವ, 30 ಮಿಲಿಆಂಪೇರಿನ ರಕ್ಷಕ ಸ್ವಿಚ್ಚುಗಳೂ ಇವೆ. ಆದರೆ ದ್ವಿತೀಯಕ ಸುರುಳಿಯ ಕಡೆ ತಗಲಿದ ಆಘಾತವನ್ನು ಆ ಸ್ವಿಚ್ಚು ಅರಿಯಲಾರದು, ಏಕೆಂದರೆ ಎರಡು ಸುರುಳಿಗಳ ನಡುವೆ ಸಂಪರ್ಕವೇ ಇಲ್ಲ. ಆದಕಾರಣ ಯಾವ ಉಪಕರಣವೂ ಎಚ್ಚರಕ್ಕೆ ಬದಲಾಗದು.

ವಿದ್ಯುತ್ತಿನ ಜೊತೆಗೆ ಬೆಳಕಿನ ಅಪಾಯವೂ ಇದೆ. ಚಾಪದಿಂದ ಹೊರಡುವ ಅತಿನೇರಳೆ ಕಿರಣಗಳು ಕಣ್ಣಿನ ಹೊರಪದರವನ್ನು ಸುಡುತ್ತವೆ. ನೋಡಿದಾಗ ಏನೂ ಆಗದು. ಕೆಲವು ಗಂಟೆಗಳ ತರುವಾಯ, ರಾತ್ರಿ ಮಲಗುವ ಹೊತ್ತಿಗೆ, ಕಣ್ಣಿಗೆ ಮರಳು ಬಿದ್ದಂತೆ ಉರಿ ತೊಡಗುತ್ತದೆ. ಸಾಮಾನ್ಯ ತಂಪು ಕನ್ನಡಕವು ಇದನ್ನು ತಡೆಯಲಾರದು. ಬೆಸುಗೆಗೆಂದೇ ಮಾಡಿದ ಕಪ್ಪು ಗಾಜಿನ ಮುಖರಕ್ಷೆ ಬೇಕು. ಬೆಸೆಯುವವನಿಗೆ ಎಷ್ಟೋ, ಪಕ್ಕದಲ್ಲಿ ನಿಂತು ನೋಡುವ ಬಾಲಕರಿಗೂ ಅಷ್ಟೇ. ಸತುವಿನ ಲೇಪವುಳ್ಳ ತಗಡನ್ನು ಬೆಸೆಯುವಾಗ ಏಳುವ ಹೊಗೆಯನ್ನು ಸೇವಿಸಿದವನಿಗೆ ಚಳಿಜ್ವರ ಬರುವುದುಂಟು. ಆದುದರಿಂದ ಗಾಳಿಯಾಡುವ ಸ್ಥಳದಲ್ಲಿಯೇ ಈ ಕೆಲಸ ನಡೆಯತಕ್ಕದ್ದು.

ಯಾರಿಗಾದರೂ ವಿದ್ಯುದಾಘಾತವಾದರೆ ಗಾಬರಿಯಿಂದ ಅವರನ್ನು ಮುಟ್ಟಬಾರದು. ಮೊದಲು ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ನೆಲದ ಮೇಲೆ ನಿಂತು, ಒಣಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ಉಸಿರು ನಿಂತಿದ್ದರೆ ಅದು ಮರಳುವಂತೆ ಉಪಚರಿಸುತ್ತ ವೈದ್ಯರ ನೆರವನ್ನು ಪಡೆಯಬೇಕು.

ಯಂತ್ರವನ್ನು ತಾನೇ ಕಟ್ಟಬೇಕೆಂಬ ಹಂಬಲ ಒಳ್ಳೆಯದೇ. ಅಂಥ ಹಂಬಲದಿಂದಲೇ ವಿಜ್ಞಾನವು ಬೆಳೆದುಬಂದಿದೆ. ಆದರೆ ಆ ಹಂಬಲಕ್ಕೆ ಗುರುವೂ ಕಮ್ಮಟವೂ ಬೇಕು. ಐ.ಟಿ.ಐ. ಸಂಸ್ಥೆಗಳಲ್ಲಿ ಬೆಸುಗೆಯನ್ನು ಕ್ರಮವಾಗಿ ಕಲಿಸುತ್ತಾರೆ. ಕಮ್ಮಾರನ ಮಗನು ಕೂಡ ಮೊದಲು ತಿದಿಯೊತ್ತುವುದನ್ನು ಕಲಿತು, ಬೆಂಕಿಯ ಸ್ವಭಾವವನ್ನು ಅರಿತ ಮೇಲೆಯೇ ಸುತ್ತಿಗೆಯನ್ನು ಹಿಡಿಯುತ್ತಿದ್ದನು. ಕುಲುಮೆಯ ಬೆಂಕಿ ಕಣ್ಣಿಗೆ ಕಾಣುತ್ತಿದ್ದಿತು, ಹತ್ತಿರ ಹೋದವನಿಗೆ ಬಿಸಿಯು ತಾನೇ ಎಚ್ಚರಿಸುತ್ತಿದ್ದಿತು. ತಂತಿಯೊಳಗಿನ ಬೆಂಕಿ ಕಾಣುವುದಿಲ್ಲ. ಕಾಣದ ಬೆಂಕಿಯನ್ನು ಪಳಗಿಸಲು ಕಣ್ಣಿಗಿಂತ ಮುಂಚೆ ತಿಳಿವಳಿಕೆಯು ಮುಂದೆ ಹೋಗಬೇಕು.