ಗೂಡಲೂರಿನ ವ್ಯಾಜ್ಯವೂ ತೈಲೋದ್ಯಮದ ಅವಸರವೂ

ನೀಲಗಿರಿಯ ಗಟ್ಟಿ ಬಂಡೆಗಳಡಿ ತೈಲವಿಲ್ಲ. ಆದರೂ ದೇಶದ ಯಾವ ಕಾಡಿನಲ್ಲಿ ತೈಲಬಾವಿ ಕೊರೆಯಲು ಹೊರಟರೂ ಉದ್ಯಮಿಗೆ ಎದುರಾಗುವುದು ಗೂಡಲೂರಿನಲ್ಲಿ ಹುಟ್ಟಿದ ಒಂದು ವ್ಯಾಜ್ಯ. ನಿಲಂಬೂರು ಕೋವಿಲಗಂ ಮನೆತನದ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಅವರು ಇಲ್ಲಿನ ಮರಗಳ ಕಡಿತವನ್ನು ತಡೆಯಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1996ರ ಡಿಸೆಂಬರ್ 12ರಂದು ನ್ಯಾಯಾಲಯವು ‘ಅರಣ್ಯ’ ಪದಕ್ಕೆ ನಿಘಂಟಿನ ಅರ್ಥವನ್ನೇ ಸ್ವೀಕರಿಸಿತು. ಒಡೆತನ ಯಾರದೇ ಇರಲಿ, ಕೇಂದ್ರದ ಪೂರ್ವಾನುಮತಿಯಿಲ್ಲದ ಗಣಿಗಾರಿಕೆ ಮೊದಲಾದ ಅರಣ್ಯೇತರ ಚಟುವಟಿಕೆಗಳೆಲ್ಲ ನಿಲ್ಲತಕ್ಕದ್ದೆಂದು ಆದೇಶಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ಪೂರ್ಣ ಬಲ ಬಂದದ್ದು ಅಂದಿನಿಂದ.

ಹೆಚ್ಚು ಪ್ರದೇಶ ಗುತ್ತಿಗೆಗೆ ಸಿಗಬೇಕು, ಷರತ್ತುಗಳು ನಡುವೆ ಬದಲಾಗಬಾರದು, ಅನುಮತಿಗಳು ಬೇಗ ದೊರೆಯಬೇಕು ಎಂಬುದು ತೈಲೋದ್ಯಮದ ಬೇಡಿಕೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಒಂದು ಹನಿ ದೊರೆಯುವ ಮೊದಲೇ ಕೋಟಿಗಟ್ಟಲೆ ಹಣ ಸುರಿಯಬೇಕಾಗುತ್ತದೆ. 1948ರ ತೈಲಕ್ಷೇತ್ರಗಳ ಕಾಯ್ದೆಗೆ 2025ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಈ ಬೇಡಿಕೆಯನ್ನು ಬಹುಮಟ್ಟಿಗೆ ಈಡೇರಿಸಿದೆ. ‘ಪೆಟ್ರೋಲಿಯಂ ಗುತ್ತಿಗೆ’ ಗಣಿ ಗುತ್ತಿಗೆಯಿಂದ ಬೇರ್ಪಟ್ಟಿತು. ಜೈಲುಶಿಕ್ಷೆಯ ಬದಲು 25 ಲಕ್ಷ ರೂಪಾಯಿವರೆಗಿನ ದಂಡ ಬಂದಿತು.

ಆದರೆ ಅನುಮತಿಯ ಸುಧಾರಣೆಯೆಂದರೆ ಕಡತಕ್ಕೆ ಗಡುವು ವಿಧಿಸುವುದು ಒಂದು, ಜನರ ಮಾತನ್ನೇ ಕೈಬಿಡುವುದು ಮತ್ತೊಂದು. 2020ರ ಜನವರಿಯಲ್ಲಿ ಕೇಂದ್ರವು ತೈಲ ಮತ್ತು ಅನಿಲದ ಶೋಧನೆಯನ್ನು ‘ಬಿ2’ ವರ್ಗಕ್ಕೆ ಇಳಿಸಿತು. ಆ ಹಂತಕ್ಕೆ ಸಾರ್ವಜನಿಕ ಅಹವಾಲು ಬೇಕಿಲ್ಲವೆಂದಾಯಿತು. ಬಾವಿ ಕೊರೆದ ಮೇಲೆ, ಉತ್ಪಾದನೆಯ ಹೊತ್ತಿಗೆ ರೈತನನ್ನು ಕೇಳಿ ಫಲವೇನು?

ಈ ಪ್ರಶ್ನೆ ಬೆಟ್ಟದವರಿಗೆ ದೂರದ್ದಲ್ಲ. ಮಸಿನಗುಡಿಯ ಬಳಿ ಹರಿಯುವ ಮೋಯಾರ್ ಭವಾನಿಯನ್ನು ಸೇರಿ, ಆ ನೀರು ಕಾವೇರಿಯಾಗಿ ಮುಖಜಭೂಮಿಗೆ ಇಳಿಯುತ್ತದೆ. ತಮಿಳುನಾಡಿನ ತೈಲ ಇರುವುದು ಅಲ್ಲಿಯೇ. ಪುದುಕೋಟೆ ಜಿಲ್ಲೆಯ ನೆಡುವಾಸಲ್‌ನಲ್ಲಿ ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ರೈತರು 2017ರಲ್ಲಿ ಹೋರಾಟಕ್ಕೆ ಕುಳಿತರು. 2020ರಲ್ಲಿ ರಾಜ್ಯವು ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ ಹೊಸ ಬಾವಿಗಳನ್ನು ನಿಷೇಧಿಸಿತು, ಹಳೆಯವು ಉಳಿದುಕೊಂಡವು.

ಗುತ್ತಿಗೆಯ ಸ್ಥಿರತೆಯ ಮಾತಾದರೆ ಗೂಡಲೂರು ನೆನಪಾಗಲೇಬೇಕು. 1969ರ ಜನ್ಮಂ ಎಸ್ಟೇಟ್ ರದ್ದತಿ ಕಾಯ್ದೆ ಸಂವಿಧಾನದ ಒಂಬತ್ತನೆಯ ಪರಿಚ್ಛೇದವನ್ನು ಹೊಕ್ಕು, ಕೊಯೆಲ್ಹೋ ಪ್ರಕರಣವಾಗಿ ಬೆಳೆದು, 2007ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಐತಿಹಾಸಿಕ ತೀರ್ಪು ಬರಲು ಕಾರಣವಾಯಿತು. ದೇಶಕ್ಕೆಲ್ಲ ಕಾನೂನು ಕೊಟ್ಟ ಆ ನೆಲದಲ್ಲಿ, ಅದೇ ಕಾಯ್ದೆಯ 17ನೆಯ ವಿಧಿಗೆ ಸಿಲುಕಿದ ಸಾಮಾನ್ಯ ಕುಟುಂಬಗಳು ಪಟ್ಟಾಕ್ಕೂ ವಿದ್ಯುತ್ ಸಂಪರ್ಕಕ್ಕೂ ದಶಕಗಳ ಕಾಲ ಕಚೇರಿ ಅಲೆದಿವೆ. ಬೇಗ ತೀರ್ಮಾನವಾಗಬೇಕೆಂಬ ತೈಲೋದ್ಯಮದ ಬೇಡಿಕೆ ನ್ಯಾಯವಾದುದಾದರೆ, ಆ ಗಡುವು ಮೊದಲು ಬೀಳಬೇಕಾದದ್ದು ಈ ಕಡತಗಳ ಮೇಲೆ.